ಬರೆದುಕೊಟ್ಟ ವಿದ್ಯೆ: ಮನೆಯಲ್ಲಿ ಕಟ್ಟಿದ ಆಂಪ್ಲಿಫೈಯರಿನ ಇತಿಹಾಸ

ಹಾಡು ಕೇಳಿಸುವ ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎಡಿಸನ್ನನ ಫೋನೋಗ್ರಾಫಿನಿಂದ ಹೊರಟು, ದೊಡ್ಡ ದೊಡ್ಡ ಕಂಪನಿಗಳ ಹೆಸರುಗಳನ್ನು ಸಾಲಾಗಿ ಹೇಳಿ, ಇಂದು ಮಕ್ಕಳು ಕಿವಿಗೆ ಸಿಕ್ಕಿಸಿಕೊಂಡು ಓಡಾಡುವ ಪುಟ್ಟ ಗುಂಡಿಗಳವರೆಗೆ ಬಂದು ನಿಲ್ಲುತ್ತಾರೆ. ಆ ಚರಿತ್ರೆಯ ಮಗ್ಗುಲಲ್ಲೇ ಇನ್ನೊಂದು ಚರಿತ್ರೆಯೂ ನಡೆದುಹೋಗಿದೆ. ಹಗಲು ಬ್ಯಾಂಕಿನಲ್ಲೋ ಶಾಲೆಯಲ್ಲೋ ಗಿರಣಿಯಲ್ಲೋ ದುಡಿದು, ರಾತ್ರಿ ಊಟವಾದ ಮೇಲೆ ಅಡಿಗೆಮನೆಯ ಮೇಜಿನ ಮೇಲೆ ಸೋಲ್ಡರಿಂಗ್ ಐರನ್ ಕಾಯಿಸುತ್ತಿದ್ದ ಹವ್ಯಾಸಿಗಳ ಚರಿತ್ರೆ ಅದು. ತಮ್ಮ ಮನೆಯ ಆಂಪ್ಲಿಫೈಯರನ್ನೂ ಸ್ಪೀಕರ್ ಪೆಟ್ಟಿಗೆಯನ್ನೂ ಅವರು ತಾವೇ ಕಟ್ಟಿಕೊಂಡರು.

ಹಣದ ಅಭಾವವೊಂದೇ ಅವರನ್ನು ಈ ಕೆಲಸಕ್ಕೆ ಹಚ್ಚಲಿಲ್ಲ. ಅಂಗಡಿಯಲ್ಲಿ ಸಿಗುತ್ತಿದ್ದುದಕ್ಕಿಂತ ಒಳ್ಳೆಯ ನಾದ ಬೇಕೆಂಬ ಹಟವಿತ್ತು. ಆ ಹಟಕ್ಕೆ ಬೆಂಬಲವಾಗಿ ಒಂದು ಒಳ್ಳೆಯ ಪದ್ಧತಿಯೂ ಇತ್ತು: ಹೊಸದನ್ನು ಕಂಡುಕೊಂಡವನು ಅದನ್ನು ಒಂದಂಶವನ್ನೂ ಮುಚ್ಚಿಡದೆ ಬರೆದು ಮಾಸಪತ್ರಿಕೆಯಲ್ಲಿ ಅಚ್ಚು ಹಾಕಿಸುವುದು. ಮನೆವಿದ್ಯೆಯನ್ನು ಹೆತ್ತ ಮಗನಿಗೂ ಪೂರ್ತಿ ಹೇಳಿಕೊಡದ ನಾಟಿ ವೈದ್ಯರ ಕಥೆಗಳನ್ನು ನಾವೆಲ್ಲ ನಮ್ಮ ಊರುಗಳಲ್ಲಿ ಕೇಳಿದ್ದೇವೆ. ಈ ಹವ್ಯಾಸದ ಕಥೆ ಅದಕ್ಕೆ ತೀರ ವಿರುದ್ಧವಾದದ್ದು. ಮುಖವನ್ನೇ ಕಾಣದ ಅಪರಿಚಿತನೊಬ್ಬ ಸಾವಿರ ಮೈಲಿಯಾಚೆ ಕುಳಿತು ಅದೇ ಯಂತ್ರವನ್ನು ಅಷ್ಟೇ ಚೆನ್ನಾಗಿ ಕಟ್ಟಬೇಕು ಎಂದು ಬಯಸಿ ಬರೆದವರ ಕಥೆ. ಆ ಪದ್ಧತಿ ಹೇಗೆ ಬೆಳೆಯಿತು, ಅದರಿಂದ ಏನು ಫಲಿಸಿತು, ಇಂದು ನಮಗೆ ಅದರಿಂದ ಆಗಬೇಕಾದ್ದೇನು ಎಂಬುದನ್ನು ಇಲ್ಲಿ ಸ್ಥೂಲವಾಗಿ ನೋಡೋಣ.

ಇಲ್ಲದ ಸ್ವರ ಹುಟ್ಟುವ ಬಗೆ

ಆಂಪ್ಲಿಫೈಯರಿನ ಕೆಲಸವನ್ನು ಬಾಯಲ್ಲಿ ಹೇಳುವುದು ಸುಲಭ. ರೆಕಾರ್ಡಿನ ಮೇಲೆ ಓಡುವ ಮುಳ್ಳಿನಿಂದಾಗಲಿ ಮೈಕಿನಿಂದಾಗಲಿ ಹುಟ್ಟುವ ವಿದ್ಯುತ್ತು ಅತ್ಯಂತ ಕ್ಷೀಣವಾದದ್ದು. ಅದನ್ನು ಸ್ಪೀಕರಿನ ಕಾಗದದ ಕೋನನ್ನು ಅಲುಗಾಡಿಸುವಷ್ಟು ಬಲವಾಗಿಸಬೇಕು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಮೂರು ವಿದ್ಯುದಗ್ರಗಳ ವಾಲ್ವನ್ನು ರೂಪಿಸಿದ. ಕೆಲವೇ ವರ್ಷಗಳಲ್ಲಿ ಆ ವಾಲ್ವು ಕ್ಷೀಣವಾದ ಸಂಕೇತವನ್ನು ಹಿಗ್ಗಿಸಬಲ್ಲುದು ಎಂಬುದು ಮನದಟ್ಟಾಯಿತು. 1925ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು, ಅಯಸ್ಕಾಂತದ ನಡುವೆ ತಂತಿಯ ಸುರುಳಿ ಅಲುಗಾಡಿ ಕೋನನ್ನು ತಳ್ಳುವ ಸ್ಪೀಕರಿನ ವಿವರಗಳನ್ನು ಪ್ರಕಟಿಸಿದರು. ಇಂದು ನಮ್ಮ ಮನೆಯ ಟೆಲಿವಿಷನ್ನಿನಲ್ಲಿರುವ ಸ್ಪೀಕರೂ ಹೆಚ್ಚುಕಡಿಮೆ ಅದೇ ತತ್ವದ್ದು.

ಹಿಗ್ಗಿಸುವುದು ಸಾಧ್ಯವಾಯಿತು; ಇದ್ದದ್ದನ್ನು ಇದ್ದಂತೆಯೇ ಹಿಗ್ಗಿಸುವುದು ಸಾಧ್ಯವಾಗಲಿಲ್ಲ. ವಾಲ್ವು ಸಂಕೇತದ ಆಕಾರವನ್ನು ಸ್ವಲ್ಪ ಸೊಟ್ಟಗೆ ಮಾಡಿಯೇ ಹೊರಗೆ ಬಿಡುತ್ತಿತ್ತು. ಇದರ ಪರಿಣಾಮ ಏನೆಂಬುದು ಸಂಗೀತ ಬಲ್ಲವರಿಗೆ ಬೇಗ ತಿಳಿಯುತ್ತದೆ. ತಂಬೂರಿಯ ಒಂದು ತಂತಿ ಮೀಟಿದರೆ ಮೂಲಸ್ವರದ ಜೊತೆಗೆ ಅದರ ಹಲವು ಪಟ್ಟು ಕಂಪನದ ಅನುಸ್ವರಗಳೂ ಹೊಮ್ಮುತ್ತವೆ. ತಂಬೂರಿಗೆ ಆ ಇಂಪು ಬಂದಿರುವುದೇ ಅವುಗಳಿಂದ. ಕಳಪೆ ಆಂಪ್ಲಿಫೈಯರು ಇವುಗಳ ಜೊತೆಗೆ ತನ್ನದೇ ಅನುಸ್ವರಗಳನ್ನು ಸೇರಿಸಿಬಿಡುತ್ತದೆ. ಅಷ್ಟಕ್ಕೇ ನಿಲ್ಲದೆ, ಎರಡು ಸ್ವರಗಳು ಒಟ್ಟಿಗೆ ಹಾದುಹೋದಾಗ ಎರಡರಲ್ಲೂ ಇಲ್ಲದ ಹೊಸ ಸ್ವರಗಳನ್ನು ಹುಟ್ಟಿಸುತ್ತದೆ. ಸೆಕೆಂಡಿಗೆ 1000 ಕಂಪನದ ಒಂದು ಸ್ವರ, 1100 ಕಂಪನದ ಇನ್ನೊಂದು ಸ್ವರ ಒಳಹೊಕ್ಕರೆ, 100 ಮತ್ತು 2100 ಕಂಪನದ ಸ್ವರಗಳೂ ಹೊರಬರುತ್ತವೆ. ಹಾಡಿದವರು ಹಾಡದ, ನುಡಿಸಿದವರು ನುಡಿಸದ ಸ್ವರಗಳಿವು. ಹಳೆಯ ರೇಡಿಯೋಗಳಲ್ಲಿ ಒಬ್ಬರೇ ಮಾತಾಡುವಾಗ ಸ್ಪಷ್ಟವಾಗಿದ್ದ ಧ್ವನಿ, ಪಕ್ಕವಾದ್ಯ ಸಮೇತ ಕಚೇರಿ ಶುರುವಾದೊಡನೆ ಗೋಜಲಾಗುತ್ತಿದ್ದುದಕ್ಕೆ ಇದೇ ಮುಖ್ಯ ಕಾರಣ.

ದೋಣಿಯಲ್ಲಿ ಹೊಳೆದ ಉಪಾಯ

ಈ ದೋಷಕ್ಕೆ ಮದ್ದು ಸಿಕ್ಕಿದ್ದು ಸಂಗೀತದ ಕ್ಷೇತ್ರದಲ್ಲಲ್ಲ, ಟೆಲಿಫೋನಿನ ಕ್ಷೇತ್ರದಲ್ಲಿ. ಅಮೆರಿಕದ ಒಂದು ದಡದಿಂದ ಇನ್ನೊಂದು ದಡಕ್ಕೆ ಮಾತು ಮುಟ್ಟಬೇಕಾದರೆ ದಾರಿಯುದ್ದಕ್ಕೂ ಹಲವಾರು ಆಂಪ್ಲಿಫೈಯರುಗಳನ್ನು ಇಡಬೇಕಾಗಿತ್ತು. ಒಂದೊಂದರ ದೋಷವೂ ಕೂಡಿಕೊಂಡು ಕೊನೆಗೆ ಮಾತೇ ತಿಳಿಯದಂತಾಗುತ್ತಿತ್ತು. ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರು ವರ್ಷಗಟ್ಟಲೆ ಇದರಲ್ಲೇ ತಲೆ ಕೆಡಿಸಿಕೊಂಡಿದ್ದ. 1927ರ ಆಗಸ್ಟ್ 2ರ ಬೆಳಿಗ್ಗೆ ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟಿ ಕೆಲಸಕ್ಕೆ ಹೋಗುತ್ತಿದ್ದಾಗ ಅವನಿಗೆ ಉಪಾಯ ಹೊಳೆಯಿತು. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪುಟದ ಮೇಲೆಯೇ ಅದನ್ನು ಗುರುತು ಹಾಕಿಕೊಂಡ.

ಉಪಾಯ ಇಷ್ಟೇ: ಹೊರಗೆ ಬಂದ ಸಂಕೇತದ ಒಂದು ಸಣ್ಣ ಪಾಲನ್ನು ತಲೆಕೆಳಗು ಮಾಡಿ ಒಳಬಾಗಿಲಿಗೆ ಮರಳಿಸುವುದು. ಒಳಗೆ ಬಂದದ್ದಕ್ಕೂ ಹೊರಗೆ ಹೋದದ್ದಕ್ಕೂ ಭೇದವಿದ್ದರೆ ಆ ಭೇದದ ಬಹುಪಾಲು ತಾನಾಗಿಯೇ ಕಳೆದುಹೋಗುತ್ತದೆ. ಗಾಯಕನೊಬ್ಬ ಶ್ರುತಿಗೆ ಕಿವಿಗೊಟ್ಟು, ತನ್ನ ಕಂಠ ಎಲ್ಲಿ ಜಾರಿತೆಂದು ಕೇಳಿಸಿಕೊಂಡು, ಆ ಕ್ಷಣವೇ ತಿದ್ದಿಕೊಳ್ಳುವುದನ್ನು ಇದಕ್ಕೆ ಹೋಲಿಸಬಹುದು. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಹಿಗ್ಗಿಸುವ ಶಕ್ತಿ ಅಷ್ಟರಮಟ್ಟಿಗೆ ತಗ್ಗುತ್ತದೆ. ಶಕ್ತಿಯನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿದರೆ ದೋಷವೂ ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ನೆಗೆಟಿವ್ ಫೀಡ್‌ಬ್ಯಾಕ್ ಎಂದು ಇದರ ಹೆಸರು. ಕಷ್ಟಪಟ್ಟು ಗಳಿಸಿದ ಶಕ್ತಿಯನ್ನು ಬೇಕೆಂದೇ ಕಳೆದುಕೊಳ್ಳುವ ಈ ಮಾತು ಆ ಕಾಲದವರಿಗೆ ವಿಪರೀತವಾಗಿ ಕಂಡಿತು. ಬ್ಲ್ಯಾಕನ ಪೇಟೆಂಟು ಕೈಸೇರಿದ್ದು 1937ರ ಡಿಸೆಂಬರಿನಲ್ಲಿ.

ಇದರಲ್ಲಿ ಒಂದು ಅಪಾಯವೂ ಅಡಗಿತ್ತು. ಮರಳಿ ಬರುವ ಪಾಲು ದಾರಿಯಲ್ಲಿ ತಡವಾದರೆ, ಕಳೆಯಬೇಕಾದದ್ದು ಕೂಡತೊಡಗುತ್ತದೆ. ನಮ್ಮ ಸಂಘದ ಸಭೆಗಳಲ್ಲಿ ಮೈಕನ್ನು ಸ್ಪೀಕರಿನ ಹತ್ತಿರ ಒಯ್ದೊಡನೆ ಕಿವಿ ಕಿತ್ತುಹೋಗುವಂತೆ ಸಿಳ್ಳೆ ಹೊಡೆಯುವುದನ್ನು ಎಲ್ಲರೂ ಅನುಭವಿಸಿದ್ದೇವೆ. ಆಂಪ್ಲಿಫೈಯರಿನ ಒಳಗೇ ಅಂಥ ಸಿಳ್ಳೆ ಎದ್ದರೆ ವಾಲ್ವೂ ಉಳಿಯದು, ಸ್ಪೀಕರೂ ಉಳಿಯದು. ಸಂಗೀತದ ಆಂಪ್ಲಿಫೈಯರಿನಲ್ಲಿ ತಡ ಮಾಡುತ್ತಿದ್ದ ಮುಖ್ಯ ಅಂಗವೆಂದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ವಾಲ್ವಿನದು ಹೆಚ್ಚು ವೋಲ್ಟೇಜು, ಕಡಿಮೆ ಕರೆಂಟು; ಸ್ಪೀಕರಿಗೆ ಬೇಕಾದದ್ದು ಕಡಿಮೆ ವೋಲ್ಟೇಜು, ಹೆಚ್ಚು ಕರೆಂಟು. ಎರಡಕ್ಕೂ ಸಂಧಾನ ಮಾಡಿಸುವ ಟ್ರಾನ್ಸ್‌ಫಾರ್ಮರು ಬೇಕೇ ಬೇಕು. ಅದನ್ನು ಫೀಡ್‌ಬ್ಯಾಕಿನ ಸುತ್ತಿನೊಳಗೆ ತರಲು ಹೆಚ್ಚಿನವರು ಹಿಂಜರಿಯುತ್ತಿದ್ದರು.

1947ರ ಎರಡು ಸಂಚಿಕೆಗಳು

ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ಎರಡು ಸಂಗತಿಗಳು ಕೂಡಿಬಂದವು. ಶತ್ರುವಿನ ಜಲಾಂತರ್ಗಾಮಿಯ ಸದ್ದನ್ನು ನಮ್ಮವರದರಿಂದ ಬೇರೆಯಾಗಿ ಗುರುತಿಸಲು ಸೈನಿಕರಿಗೆ ತರಬೇತಿ ಕೊಡಬೇಕಾಗಿ ಬಂದು, ಡೆಕ್ಕಾ ಕಂಪನಿಯ ಆರ್ಥರ್ ಹ್ಯಾಡಿ ಮತ್ತು ಸಂಗಡಿಗರು ರೆಕಾರ್ಡಿಂಗ್ ಕಲೆಯನ್ನು ಬಹಳ ಮುಂದಕ್ಕೆ ಒಯ್ದಿದ್ದರು. ಯುದ್ಧಾನಂತರ ಅದೇ ತಂತ್ರದಿಂದ ಸಂಗೀತದ ರೆಕಾರ್ಡುಗಳು ಹೊರಬಂದವು. ರೆಕಾರ್ಡಿನಲ್ಲಿ ನಾದವಿತ್ತು, ಅದನ್ನು ಕೇಳಿಸಬಲ್ಲ ಆಂಪ್ಲಿಫೈಯರು ಮನೆಗಳಲ್ಲಿರಲಿಲ್ಲ. ಇನ್ನೊಂದು ಕಡೆ, ಸೈನ್ಯದಲ್ಲಿ ರೇಡಿಯೋ ಮತ್ತು ರಾಡಾರು ಕಲಿತು ಮರಳಿದ ಯುವಕರಿದ್ದರು. ಸೈನ್ಯ ಮಾರಿದ ಬಿಡಿಭಾಗಗಳು ಪೇಟೆಯಲ್ಲಿ ಅಗ್ಗವಾಗಿ ಸಿಗುತ್ತಿದ್ದವು.

ಇಂಥ ಹೊತ್ತಿನಲ್ಲಿ, ಅಂದರೆ 1947ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಲಂಡನ್ನಿನ ವೈರ್‌ಲೆಸ್ ವರ್ಲ್ಡ್ ಮಾಸಪತ್ರಿಕೆ ಡಿ. ಟಿ. ಎನ್. ವಿಲಿಯಂಸನ್ ಎಂಬಾತನ ಲೇಖನವನ್ನು ಎರಡು ಕಂತುಗಳಲ್ಲಿ ಪ್ರಕಟಿಸಿತು. ಎಡಿನ್‌ಬರೋ ನಗರದಲ್ಲಿ 1923ರಲ್ಲಿ ಹುಟ್ಟಿದ ಈ ಯುವಕ ಯುದ್ಧಕಾಲದಲ್ಲಿ ವಾಲ್ವು ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ ಮಾಡಿದ್ದ. ಅವನು ಟ್ರಾನ್ಸ್‌ಫಾರ್ಮರನ್ನು ಬಿಟ್ಟು ಸುತ್ತಿಬರುವ ಬದಲು, ಅದನ್ನೂ ಒಳಗೊಂಡಂತೆ ಇಡೀ ಆಂಪ್ಲಿಫೈಯರಿಗೆ ಫೀಡ್‌ಬ್ಯಾಕ್ ಕೊಟ್ಟ. ಕೆಟಿ 66 ಎಂಬ ಜೋಡಿ ವಾಲ್ವುಗಳಿಂದ 15 ವಾಟ್ ಶಕ್ತಿ, ಪೂರ್ಣ ಶಕ್ತಿಯಲ್ಲೂ ನೂರಕ್ಕೆ 0.1ಕ್ಕಿಂತ ಕಡಿಮೆ ದೋಷ. ಮನೆಯ ಆಂಪ್ಲಿಫೈಯರುಗಳಲ್ಲಿ ಹಿಂದೆ ಕಾಣದ ಮಟ್ಟ ಅದು.

ಇದು ಸಾಧ್ಯವಾಗಬೇಕಾದರೆ ಟ್ರಾನ್ಸ್‌ಫಾರ್ಮರು ಅಸಾಧಾರಣವಾಗಿರಬೇಕಾಗಿತ್ತು. ವಿಲಿಯಂಸನ್ನನ ಉದಾರತೆ ಕಾಣುವುದು ಇಲ್ಲಿಯೇ. ಆ ಟ್ರಾನ್ಸ್‌ಫಾರ್ಮರಿನ ಗುಟ್ಟನ್ನು ತನ್ನಲ್ಲೇ ಇಟ್ಟುಕೊಂಡು ಒಂದು ಕಾರ್ಖಾನೆಗೆ ಮಾರಬಹುದಾಗಿತ್ತು. ಅವನು ಅದನ್ನು ಸುತ್ತುವ ಕ್ರಮವನ್ನೇ ಅಚ್ಚು ಹಾಕಿಸಿದ. ಪ್ರೈಮರಿಯನ್ನು ಹತ್ತು ಭಾಗ ಮಾಡಿ, ಭಾಗವೊಂದಕ್ಕೆ 440 ಸುತ್ತು, ಒಂದೊಂದು ಪದರಕ್ಕೆ 88 ಸುತ್ತಿನಂತೆ ಐದು ಪದರ. ನಡುನಡುವೆ ಸೆಕೆಂಡರಿಯ ಎಂಟು ಭಾಗಗಳು. ತಂತಿಯ ದಪ್ಪ ಇಷ್ಟು, ಪದರಗಳ ನಡುವಿನ ಕಾಗದದ ದಪ್ಪ ಇಷ್ಟು. ಅಡಿಗೆ ಬಲ್ಲ ಅಜ್ಜಿ "ಕಣ್ಣಂದಾಜು ಹಾಕು" ಎನ್ನದೆ, ಬೇಳೆ ಎಷ್ಟು, ಹುಣಿಸೆ ಎಷ್ಟು, ಕುದಿ ಎಷ್ಟು ಹೊತ್ತು ಎಂದು ಬರೆದುಕೊಟ್ಟಂತೆ. ಸಹನೆ ಇದ್ದ ಯಾರಾದರೂ ಮನೆಯಲ್ಲೇ ಕುಳಿತು ಸುತ್ತಬಹುದಾಗಿತ್ತು, ಸುತ್ತಿಯೂ ಸುತ್ತಿದರು.

ಬೇಡಿಕೆ ಹೆಚ್ಚಿ, 1949ರ ಆಗಸ್ಟಿನಲ್ಲಿ ಸುಧಾರಿಸಿದ ಆವೃತ್ತಿಯೊಂದನ್ನು ವಿಲಿಯಂಸನ್ ಪ್ರಕಟಿಸಬೇಕಾಯಿತು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ಆಡಿಯೋ ಎಂಜಿನಿಯರಿಂಗ್ ಪತ್ರಿಕೆಯಲ್ಲಿ ಡೇವಿಡ್ ಸಾರ್ಸರ್ ಮತ್ತು ಮೆಲ್ವಿನ್ ಸ್ಪ್ರಿಂಕಲ್ ಅವರು ಅದನ್ನು ತಮ್ಮ ದೇಶದ ವಾಲ್ವುಗಳಿಗೆ ಹೊಂದಿಸಿ ಬರೆದರು. ಸಾರ್ಸರ್ ಪಿಟೀಲು ವಿದ್ವಾಂಸ. ಟೊಸ್ಕಾನಿನಿ ನಡೆಸುತ್ತಿದ್ದ ಎನ್‌ಬಿಸಿ ವಾದ್ಯವೃಂದದಲ್ಲಿ ನುಡಿಸುತ್ತಿದ್ದವನು. ನಿಜವಾದ ವಾದ್ಯದ ನಾದವನ್ನು ದಿನವೂ ಕೇಳುವ ಕಿವಿ ಅದನ್ನು ಮೆಚ್ಚಿತ್ತು.

ಹಾಗೆಂದು ಆ ವಿನ್ಯಾಸ ನಿರ್ದೋಷವಾಗಿತ್ತೆಂದು ತಿಳಿಯಬೇಕಾಗಿಲ್ಲ. ಸ್ಥಿರತೆಯ ಅಂಚು ಕಡಿಮೆ. ಬರೆದ ಅಳತೆಯನ್ನು ಬಿಟ್ಟು ಅಗ್ಗದ ಟ್ರಾನ್ಸ್‌ಫಾರ್ಮರು ಹಾಕಿದವರ ಆಂಪ್ಲಿಫೈಯರು ಒಳಗೊಳಗೇ ಕಂಪಿಸತೊಡಗುತ್ತಿತ್ತು. ಆದರೆ ಎಲ್ಲವೂ ಬಹಿರಂಗವಾಗಿದ್ದುದರಿಂದ ದೋಷವೂ ಬಹಿರಂಗವಾಗಿ ಚರ್ಚೆಗೆ ಬಂತು, ತಿದ್ದುಪಡಿಗಳೂ ಬಂದವು. 1951ರ ನವೆಂಬರಿನಲ್ಲಿ ಡೇವಿಡ್ ಹಾಫ್ಲರ್ ಮತ್ತು ಹರ್ಬರ್ಟ್ ಕೆರೋಸ್ ಅಲ್ಟ್ರಾಲಿನಿಯರ್ ಎಂಬ ಜೋಡಣೆಯನ್ನು ಮುಂದಿಟ್ಟರು. 1952ರ ಅಕ್ಟೋಬರಿನಲ್ಲಿ ಪೀಟರ್ ಬ್ಯಾಕ್ಸಂಡಾಲ್ ವೈರ್‌ಲೆಸ್ ವರ್ಲ್ಡ್‌ನಲ್ಲಿ ಹೊಸ ಟೋನ್ ಕಂಟ್ರೋಲನ್ನು ಬರೆದುಕೊಟ್ಟ. ಬಾಸ್, ಟ್ರೆಬಲ್ ಎಂದು ಎರಡು ತಿರುಗುಬುಗುಟು ಇರುವ ಯಂತ್ರ ನಮ್ಮ ಯಾರ ಮನೆಯಲ್ಲಿದ್ದರೂ ಅದರೊಳಗೆ ಬ್ಯಾಕ್ಸಂಡಾಲನ ಆ ಜೋಡಣೆಯೋ ಅದರ ಸಂತಾನವೋ ಇರುವುದೇ ಹೆಚ್ಚು ಸಂಭವ. ಕೋಟಿಗಟ್ಟಲೆ ಯಂತ್ರಗಳಲ್ಲಿ ಸೇರಿಹೋದ ಆ ವಿನ್ಯಾಸವನ್ನು ಅವನು ರಾಜಧನ ಬೇಡದೆ ಲೋಕಕ್ಕೆ ಬಿಟ್ಟುಕೊಟ್ಟ.

ಪೆಟ್ಟಿಗೆಯ ಗುಟ್ಟು

ಆಂಪ್ಲಿಫೈಯರು ಎಷ್ಟೇ ಚೆನ್ನಾಗಿರಲಿ, ಕೊನೆಗೆ ಗಾಳಿಯನ್ನು ಅಲುಗಿಸುವುದು ಸ್ಪೀಕರು. ಬಿಡಿ ಸ್ಪೀಕರೊಂದನ್ನು ಕೈಯಲ್ಲಿ ಹಿಡಿದು ಹಾಡು ಹಾಕಿ ನೋಡಿದರೆ ಮೃದಂಗದ ಎಡಭಾಗದ ಗುಂಕಾರ ಕೇಳಿಸುವುದೇ ಇಲ್ಲ. ಕೋನು ಮುಂದಕ್ಕೆ ಬಂದಾಗ ಎದುರಿನ ಗಾಳಿ ಒತ್ತುತ್ತದೆ, ಹಿಂಬದಿಯ ಗಾಳಿ ಸಡಿಲವಾಗುತ್ತದೆ. ಎರಡೂ ಅಂಚಿನಲ್ಲಿ ಸುತ್ತಿಬಂದು ಒಂದನ್ನೊಂದು ನುಂಗಿಬಿಡುತ್ತವೆ. ಅದನ್ನೇ ಒಂದು ರಟ್ಟಿನ ಪೆಟ್ಟಿಗೆಗೆ ತೂತು ಕೊರೆದು ಕೂರಿಸಿದರೂ ಸಾಕು, ಗುಂಕಾರ ಎದ್ದುಬರುತ್ತದೆ. ಪೆಟ್ಟಿಗೆ ಅಲಂಕಾರಕ್ಕಲ್ಲ, ಅದೂ ವಾದ್ಯದ ಒಂದು ಅಂಗ ಎಂಬುದು ಹೀಗೆ ಒಂದು ನಿಮಿಷದಲ್ಲಿ ಮನದಟ್ಟಾಗುತ್ತದೆ.

ಈ ವಿದ್ಯೆಯನ್ನು ಜನಸಾಮಾನ್ಯರ ಬಳಿಗೆ ತಂದವರಲ್ಲಿ ಗಿಲ್ಬರ್ಟ್ ಬ್ರಿಗ್ಸ್ ಪ್ರಮುಖ. ಯಾರ್ಕ್‌ಶೈರಿನ ಬಟ್ಟೆ ವ್ಯಾಪಾರದಲ್ಲಿದ್ದ ಬ್ರಿಗ್ಸ್ 1932ರಲ್ಲಿ ಇಲ್ಕ್ಲಿ ಎಂಬಲ್ಲಿನ ತನ್ನ ಮನೆಯ ನೆಲಮಾಳಿಗೆಯಲ್ಲಿ ಮೊದಲ ಸ್ಪೀಕರನ್ನು ಕಟ್ಟಿದ. ವಾರ್ಫ್ ನದಿಯ ಆ ಕಣಿವೆಯ ಹೆಸರೇ ಮುಂದೆ ಅವನ ವಾರ್ಫ್‌ಡೇಲ್ ಕಂಪನಿಗೆ ಬಂತು. ಸ್ವತಃ ಸ್ಪೀಕರು ಮಾರುವವನಾಗಿದ್ದರೂ 1948ರಲ್ಲಿ ಸ್ಪೀಕರುಗಳ ಬಗೆಗೆ ಸರಳವಾದ ಪುಸ್ತಕವನ್ನು ಬರೆದ. ಮರದ ಬದಲು ಇಟ್ಟಿಗೆಯಿಂದ ಕೋಣೆಯ ಮೂಲೆಯಲ್ಲೇ ಪೆಟ್ಟಿಗೆ ಕಟ್ಟುವುದು, ಹಲಗೆಗಳ ನಡುವೆ ಮರಳು ತುಂಬಿ ಅದರ ನಡುಕವನ್ನು ಅಡಗಿಸುವುದು ಮುಂತಾದ ಉಪಾಯಗಳನ್ನು ಓದುಗರಿಗೆ ಹೇಳಿಕೊಟ್ಟ. 1954ರ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್ ಎಂಬ ದೊಡ್ಡ ಸಭಾಂಗಣದಲ್ಲಿ, ಪೀಟರ್ ವಾಕರನ ಕ್ವಾಡ್ ಆಂಪ್ಲಿಫೈಯರು ಮತ್ತು ತನ್ನ ಸ್ಪೀಕರುಗಳನ್ನಿಟ್ಟು, ವೇದಿಕೆಯ ಮೇಲೆ ನುಡಿಸುವ ಸಂಗೀತವನ್ನೂ ಅದರ ಧ್ವನಿಮುದ್ರಣವನ್ನೂ ಒಂದಾದ ಮೇಲೊಂದು ಕೇಳಿಸಿದ. ಮನೆಬಳಕೆಯ ಶಕ್ತಿಯ ಸಲಕರಣೆಗಳೇ ಅಷ್ಟು ದೊಡ್ಡ ಸಭೆಯ ಎದುರು ಪರೀಕ್ಷೆಗೆ ನಿಂತವು.

ಅದೇ 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಇನ್ನೊಂದು ದಾರಿ ತೋರಿಸಿದ. ಅಲ್ಲಿಯವರೆಗೆ ಗುಂಕಾರ ಬೇಕಾದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕೆಂಬ ನಂಬಿಕೆಯಿತ್ತು. ವಿಲ್ಚರ್ ಚಿಕ್ಕ ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿಕೊಂಡ. ಸ್ಪೀಕರು ಪುಸ್ತಕದ ಕಪಾಟಿನಲ್ಲಿ ಕೂರುವಂತಾದದ್ದು ಅಲ್ಲಿಂದ ಮುಂದೆ. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, ಆಮೇಲೆ 1970ರ ದಶಕದ ಆರಂಭದಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದ ರಿಚರ್ಡ್ ಸ್ಮಾಲ್, ಸ್ಪೀಕರಿನ ಕೆಲವು ಗುಣಗಳನ್ನು ಅಳೆದರೆ ಅದಕ್ಕೆ ಎಷ್ಟು ಗಾತ್ರದ ಪೆಟ್ಟಿಗೆ, ಎಷ್ಟು ಉದ್ದದ ಕೊಳವೆ ಬೇಕೆಂದು ಲೆಕ್ಕ ಹಾಕಬಹುದೆಂದು ತೋರಿಸಿಕೊಟ್ಟರು. ಬಡಗಿಯ ಅಂದಾಜಾಗಿದ್ದದ್ದು ಗಣಿತವಾಯಿತು. ಇಂದಿಗೂ ಸ್ಪೀಕರುಗಳ ಜೊತೆ ಬರುವ ವಿವರಪಟ್ಟಿಯಲ್ಲಿ ಇವರಿಬ್ಬರ ಹೆಸರಿನ ಅಂಕಿಗಳಿರುತ್ತವೆ.

ಕಿಟ್ಟುಗಳ ಕಾಲ

ಬರೆದದ್ದನ್ನು ಓದಿ, ಬಿಡಿಭಾಗ ಹುಡುಕಿ ಕಟ್ಟುವುದು ಎಲ್ಲರಿಂದಲೂ ಆಗುವ ಮಾತಲ್ಲ. ಅಂಥವರಿಗಾಗಿ ಕಿಟ್ಟು ಬಂತು. ಅಮೆರಿಕದ ಮಿಷಿಗನ್ ರಾಜ್ಯದ ಬೆಂಟನ್ ಹಾರ್ಬರಿನಲ್ಲಿದ್ದ ಹೀತ್ ಕಂಪನಿ, ಯುದ್ಧದಲ್ಲಿ ಉಳಿದ ಬಿಡಿಭಾಗಗಳನ್ನು ಕೊಂಡು 1947ರಲ್ಲಿ ಆಸಿಲೋಸ್ಕೋಪಿನ ಕಿಟ್ಟು ಹೊರತಂದಿತು. ಬೇಗನೆ ವಿಲಿಯಂಸನ್ ಮಾದರಿಯ ಆಂಪ್ಲಿಫೈಯರಿನ ಕಿಟ್ಟುಗಳೂ ಬಂದವು. ಅದರ ಕೈಪಿಡಿಯಲ್ಲಿ ಒಂದೊಂದು ತಂತಿ ಬೆಸೆಯುವುದಕ್ಕೂ ಒಂದೊಂದು ವಾಕ್ಯ. ಕೆಲಸ ಮುಗಿದ ಮೇಲೆ ಗುರುತು ಹಾಕಿಕೊಳ್ಳಲು ಪಕ್ಕದಲ್ಲಿ ಜಾಗ. ಹಾಫ್ಲರ್ 1955ರಲ್ಲಿ ಡೈನಾಕೋ ಕಂಪನಿಯನ್ನು ಆರಂಭಿಸಿ, 1959ರಲ್ಲಿ ಸ್ಟೀರಿಯೋ 70 ಎಂಬ ಕಿಟ್ಟನ್ನು ಮಾರಿದ. ಮೂರು ಲಕ್ಷಕ್ಕೂ ಹೆಚ್ಚು ಮಾರಾಟವಾದ ಆಂಪ್ಲಿಫೈಯರು ಅದು. ಬ್ರಿಟನ್ನಿನ ಮುಲ್ಲಾರ್ಡ್ ಕಂಪನಿ 5-10 ಎಂಬ ವಿನ್ಯಾಸವನ್ನು ಪ್ರಕಟಿಸಿತು. ಐದು ವಾಲ್ವು, ಹತ್ತು ವಾಟ್ ಎಂದು ಅದರ ಅರ್ಥ. ವಾಲ್ವು ಮಾರಾಟವಾಗಲಿ ಎಂಬ ವ್ಯಾಪಾರ ಬುದ್ಧಿ ಅದರಲ್ಲಿ ಇತ್ತೆಂಬುದು ನಿಜ. ಆದರೂ ಕೊಳ್ಳುವವನು ಒಳಗಿನದನ್ನು ಅರಿಯಲಿ ಎಂದು ಬಯಸಿದ ವ್ಯಾಪಾರ ಅದು.

1947ರ ಡಿಸೆಂಬರಿನಲ್ಲಿ, ವಿಲಿಯಂಸನ್ನನ ಲೇಖನ ಬಂದ ವರ್ಷವೇ, ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರು ಹುಟ್ಟಿತ್ತು. ವಾಲ್ವಿನ ಬಿಸಿಯೂ ಭಾರದ ಟ್ರಾನ್ಸ್‌ಫಾರ್ಮರೂ ಬೇಡವೆಂಬ ಅನುಕೂಲ ಅದಕ್ಕಿತ್ತು. ಆದರೂ ಮೊದಮೊದಲ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳ ನಾದ, ಮೆಲ್ಲನೆಯ ಸ್ವರಗಳಲ್ಲಿ ಒರಟಾಗಿ ಕೇಳುತ್ತಿತ್ತು. 1969ರ ಏಪ್ರಿಲಿನಲ್ಲಿ ಜಾನ್ ಲಿನ್‌ಸ್ಲಿ ಹುಡ್ ಅದೇ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ, ನಾಲ್ಕೇ ಟ್ರಾನ್ಸಿಸ್ಟರುಗಳ 10 ವಾಟಿನ ಆಂಪ್ಲಿಫೈಯರನ್ನು ಬರೆದುಕೊಟ್ಟ. ಹಾಡು ಇರಲಿ ಬಿಡಲಿ ಅದು ಸದಾ 30 ವಾಟಿನಷ್ಟು ವಿದ್ಯುತ್ತನ್ನು ಬಿಸಿ ಮಾಡಿ ಕಳೆಯುತ್ತಿತ್ತು. ನಾದ ಮಾತ್ರ ನಯ. ತನ್ನದನ್ನು ಪರೀಕ್ಷಿಸಲು ಹುಡ್ ಒರೆಗಲ್ಲಾಗಿ ಇಟ್ಟುಕೊಂಡದ್ದು ವಿಲಿಯಂಸನ್ನನ ಆಂಪ್ಲಿಫೈಯರನ್ನೇ. ಇಪ್ಪತ್ತೆರಡು ವರ್ಷದ ಹಿಂದೆ ಅಚ್ಚಾದ ಅಳತೆಗಳು ಅಷ್ಟು ಖಚಿತವಾಗಿದ್ದವು.

ನಮ್ಮ ಪೇಟೆಗಳಲ್ಲಿ

ನಮ್ಮ ದೇಶದಲ್ಲಿ ಈ ಹವ್ಯಾಸಕ್ಕೆ ಬೇರೆಯೇ ಒತ್ತಾಸೆಯಿತ್ತು. ಆಮದಿಗೆ ಲೈಸೆನ್ಸು ಬೇಕಾಗಿದ್ದ ಆ ದಶಕಗಳಲ್ಲಿ ವಿದೇಶದ ಒಳ್ಳೆಯ ಆಂಪ್ಲಿಫೈಯರು ಸಂಬಳದಾರನ ಕೈಗೆಟುಕುವ ವಸ್ತುವಾಗಿರಲಿಲ್ಲ. ಬಿಡಿಭಾಗಗಳಾದರೂ ದೇಶದಲ್ಲೇ ಸಿಗುವಂತಾದದ್ದರಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, 1961ರಲ್ಲಿ ರೇಡಿಯೋ ವಾಲ್ವುಗಳನ್ನೂ 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತು. ರಕ್ಷಣಾ ಇಲಾಖೆಗೆಂದು ಹುಟ್ಟಿದ ಕಾರ್ಖಾನೆಯ ಸರಕು ಹವ್ಯಾಸಿಯ ಮೇಜಿನ ಮೇಲೂ ಬಂದು ಕೂತಿತು. 1969ರಲ್ಲಿ ದೆಹಲಿಯಿಂದ ಎಲೆಕ್ಟ್ರಾನಿಕ್ಸ್ ಫಾರ್ ಯು ಮಾಸಪತ್ರಿಕೆ ಹೊರಟ ಮೇಲೆ, ನಮ್ಮ ಪೇಟೆಯಲ್ಲಿ ಸಿಗುವ ಭಾಗಗಳಿಂದಲೇ ಕಟ್ಟಬಹುದಾದ ವಿನ್ಯಾಸಗಳು ತಿಂಗಳು ತಿಂಗಳು ಕೈಸೇರಿದವು.

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚ್ಚಿ ಸ್ಟ್ರೀಟ್, ದೆಹಲಿಯ ಕೆಂಪುಕೋಟೆಯೆದುರಿನ ಲಾಜಪತ್ ರಾಯ್ ಮಾರ್ಕೆಟ್, ಹೈದರಾಬಾದಿನ ಕೋಠಿ, ಬೆಂಗಳೂರಿನ ಎಸ್. ಪಿ. ರಸ್ತೆ, ಇವೆಲ್ಲ ಈ ಹವ್ಯಾಸಿಗಳ ತೀರ್ಥಕ್ಷೇತ್ರಗಳು. ಊರು ಬಿಟ್ಟು ಬಂದ ನಮ್ಮ ಕುಟುಂಬಗಳಿಗೆ ಈ ಬೀದಿಗಳ ಜೊತೆ ಇನ್ನೂ ಒಂದು ನಂಟಿದೆ. ನೆರೆಹೊರೆಯಲ್ಲಿ ಕನ್ನಡ ಕೇಳದ ಊರಿನಲ್ಲಿ, ಕನ್ನಡದ ದನಿ ಮನೆಗೆ ಬರುತ್ತಿದ್ದುದು ಯಂತ್ರದ ಮೂಲಕ. 1978ರಲ್ಲಿ ಕೆ. ಎಸ್. ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಮೇಲಂತೂ ಭಾವಗೀತೆ ನಮ್ಮ ಚಾಳುಗಳನ್ನೂ ಕ್ವಾರ್ಟರ್ಸುಗಳನ್ನೂ ಹೊಕ್ಕಿತು. ಆ ದನಿ ಸೊಟ್ಟಗಾಗದೆ ಬರಲಿ, ಪಲ್ಲವಿಯ ಒಂದೊಂದು ಅಕ್ಷರವೂ ಮಕ್ಕಳಿಗೆ ತಿಳಿಯಲಿ ಎಂಬ ಆಸೆಗೆ ಬೆಲೆ ಕಟ್ಟುವುದು ಕಷ್ಟ.

ವಾಟಿನ ಲೆಕ್ಕ

1980ರ ದಶಕದ ಹೊತ್ತಿಗೆ ಲೆಕ್ಕಾಚಾರ ತಿರುಗಿತು. ಇಡೀ ಆಂಪ್ಲಿಫೈಯರೇ ಹೆಬ್ಬೆರಳಿನ ಗಾತ್ರದ ಚಿಪ್ಪಿನೊಳಗೆ ಅಡಕವಾಯಿತು. ಕಾರ್ಖಾನೆಯಲ್ಲಿ ಯಂತ್ರವೇ ಬೆಸೆಯತೊಡಗಿದ ಮೇಲೆ, ಬಿಡಿಭಾಗ ಕೊಂಡು ಕಟ್ಟುವುದಕ್ಕಿಂತ ಸಿದ್ಧವಸ್ತುವೇ ಅಗ್ಗವಾಯಿತು. ಹೀತ್ ಕಂಪನಿ 1992ರಲ್ಲಿ ಕಿಟ್ಟುಗಳ ವ್ಯಾಪಾರವನ್ನು ನಿಲ್ಲಿಸಿತು. ಇದರಲ್ಲಿ ಗೋಳಾಡುವಂಥದ್ದೇನೂ ಇಲ್ಲ. ಇಂದು ಕೆಲವು ನೂರು ರೂಪಾಯಿಗೆ ಸಿಗುವ ಚಿಪ್ಪು, ದೋಷದ ಅಳತೆಯಲ್ಲಿ ವಿಲಿಯಂಸನ್ನನ ಆಂಪ್ಲಿಫೈಯರನ್ನು ಸುಲಭವಾಗಿ ಸರಿಗಟ್ಟಬಲ್ಲುದು. ವಾಲ್ವಿನ ನಾದಕ್ಕೆ ಮರುಳಾದವರು ಇಂದಿಗೂ ಇದ್ದಾರೆ. ಆ ಮೋಹ ಅವರವರಿಗೆ ಬಿಟ್ಟದ್ದು.

ನಷ್ಟವಾದದ್ದು ಬೇರೆಡೆ. ಒಳಗೆ ಏನಿದೆಯೆಂದು ತಿಳಿದವನನ್ನು ಮೋಸಗೊಳಿಸುವುದು ಕಷ್ಟ, ತಿಳಿಯದವನನ್ನು ಸುಲಭ. ಅಂಗೈಯಗಲದ ಪ್ಲಾಸ್ಟಿಕ್ ಪೆಟ್ಟಿಗೆಯ ಮೇಲೆ 1000 ವಾಟ್, 2000 ವಾಟ್ ಎಂದು ಬಂಗಾರದ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಪಿಎಂಪಿಒ ಎಂದು ಸಣ್ಣಗೆ ಸೇರಿಸಿ ಮಾರಿದ ಕಾಲವನ್ನು ನಾವು ಕಂಡೆವು. ಅದರ ಹಿಂಬದಿಗೆ ಸಿಕ್ಕಿಸುವ ಅಡಾಪ್ಟರಿನ ಮೇಲೆ 12 ವೋಲ್ಟ್, 1 ಆಂಪಿಯರ್ ಎಂದಿರುತ್ತದೆ. ಗುಣಿಸಿದರೆ 12 ವಾಟ್. ಹನ್ನೆರಡು ಒಳಗೆ ಹೋಗಿ ಸಾವಿರ ಹೊರಗೆ ಬರುವ ಪವಾಡ ಯಾವ ವಿಜ್ಞಾನದಲ್ಲೂ ಇಲ್ಲ. ಇನ್ನೊಂದು ಮಾತು: ವಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ. ಕಿವಿಗೆ ಎರಡು ಪಟ್ಟೆಂದು ತೋರಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ವಿಲಿಯಂಸನ್ನನ ಪ್ರಾಮಾಣಿಕವಾದ 15 ವಾಟ್ ಒಂದು ಮನೆಗೆ ಧಾರಾಳವಾಗಿ ಸಾಕಾಗುತ್ತಿತ್ತು. ಒಮ್ಮೆ ಕೈಯಾರೆ ಒಂದು ಆಂಪ್ಲಿಫೈಯರನ್ನು ಕಟ್ಟಿದವನಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ವಿಲಿಯಂಸನ್ ಮುಂದೆ ಪೀಟರ್ ವಾಕರನ ಜೊತೆಗೂಡಿ 1957ರಲ್ಲಿ ಮಾರುಕಟ್ಟೆಗೆ ಬಂದ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರಿಗೆ ದುಡಿದ. ಆಮೇಲೆ ಕಂಪ್ಯೂಟರಿನ ಆಣತಿಯಂತೆ ಲೋಹದ ಭಾಗಗಳನ್ನು ಕಡೆಯುವ ಸಿಸ್ಟಂ 24 ಎಂಬ ಕಾರ್ಖಾನೆ ವ್ಯವಸ್ಥೆಯನ್ನು ರೂಪಿಸಿ, 1968ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ. ಆ ದೊಡ್ಡ ಕೆಲಸಗಳನ್ನು ಬಲ್ಲವರು ಕೆಲವರು. ಎರಡು ಸಂಚಿಕೆಗಳಲ್ಲಿ ಬರೆದುಕೊಟ್ಟ ಲೇಖನದಿಂದ ಅವನ ಹೆಸರು ಇಂದಿಗೂ ಹವ್ಯಾಸಿಗಳ ನಾಲಗೆಯ ಮೇಲಿದೆ. ಅಮೆರಿಕದ ನೆಲ್ಸನ್ ಪಾಸ್ ಅವರಂಥ ವಿನ್ಯಾಸಕಾರರು ತಮ್ಮ ಆಂಪ್ಲಿಫೈಯರುಗಳ ವಿವರಗಳನ್ನು ಹವ್ಯಾಸಿಗಳಿಗಾಗಿ ಪ್ರಕಟಿಸುತ್ತ ಆ ಪದ್ಧತಿಯನ್ನು ನಮ್ಮ ಕಾಲದವರೆಗೂ ನಡೆಸಿಕೊಂಡು ಬಂದಿದ್ದಾರೆ.

ನಮ್ಮ ಮಕ್ಕಳ ಕೈಗೆ ಇಂದು ಬರುವ ಯಂತ್ರಗಳಲ್ಲಿ ಬಹುಪಾಲು ಅಂಟು ಹಾಕಿ ಮುಚ್ಚಿದವು, ತೆರೆದರೆ ಒಡೆಯುತ್ತವೆ. ಹೀಗಿರುವಾಗ, ಒಳಗನ್ನು ನೋಡುವ ಕುತೂಹಲವನ್ನು ಬೇರೆ ದಾರಿಯಲ್ಲಿ ಉಳಿಸಬೇಕಾದದ್ದು ಹಿರಿಯರ ಹೊಣೆ. ರಜೆಯಲ್ಲಿ ಒಂದು ಬಿಡಿ ಸ್ಪೀಕರು, ಒಂದು ರಟ್ಟಿನ ಪೆಟ್ಟಿಗೆ, 12 ವೋಲ್ಟಿನಲ್ಲಿ ನಡೆಯುವ ಒಂದು ಸಣ್ಣ ಚಿಪ್ಪಿನ ಆಂಪ್ಲಿಫೈಯರು ತಂದುಕೊಟ್ಟರೆ ಸಾಕು, ಮೇಲೆ ಹೇಳಿದ ಪ್ರಯೋಗಗಳಲ್ಲಿ ಅರ್ಧ ಮಾಡಿ ನೋಡಬಹುದು. ಹಳೆಯ ವಾಲ್ವಿನ ಯಂತ್ರಗಳ ತಂಟೆಗೆ ಮಾತ್ರ ತಿಳಿದವರಿಲ್ಲದೆ ಹೋಗಬಾರದು. ಅವುಗಳಲ್ಲಿ 400 ವೋಲ್ಟಿಗೂ ಹೆಚ್ಚು ಇರಬಹುದು, ಸ್ವಿಚ್ ತೆಗೆದ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದಿರುತ್ತದೆ.

ಮತ್ತೆ, ಏನನ್ನೇ ಕಟ್ಟಲಿ, ಏನನ್ನೇ ರಿಪೇರಿ ಮಾಡಲಿ, ಅದರ ನಕ್ಷೆಯನ್ನೂ ಅಳತೆಗಳನ್ನೂ ಒಂದು ಕಾಗದದ ಮೇಲೆ ಕನ್ನಡದಲ್ಲಿ ಬರೆದು, ತಾರೀಕು ಹಾಕಿ, ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿಡುವ ಅಭ್ಯಾಸ ಒಳ್ಳೆಯದು. ಹತ್ತು ವರ್ಷದ ಮೇಲೆ ಆ ಮುಚ್ಚಳ ಬಿಚ್ಚುವ ಕೈ ಯಾರದೆಂದು ನಾವು ಹೇಳಲಾರೆವು. ಯಾರದಾದರೂ ಆಗಲಿ, ಅವರಿಗೆ ಅದು ಬೇಕಾಗುತ್ತದೆ.